ಬ್ರೇಕಿನ ಗಾಳಿ

ಗುತ್ತಿಗಾರಿಗೆ ದಿನಕ್ಕೊಂದೇ ಬಸ್ಸಿದ್ದ ಕಾಲ. ಚೆನ್ನಕೇಶವನ ಬಾಡಿಗೆ ಕಾರು ಹಳೆಯದು, ಮಾವ ಮೇದಪ್ಪಗೌಡರು ಕೊಡಿಸಿದ್ದು. ಅದರ ಬ್ರೇಕಿನೊಳಗೆ ಆಗಾಗ ಗಾಳಿ ಸೇರುತ್ತಿತ್ತು. ಸೇರಿದರೆ ಪೆಡಲ್ ತುಳಿದ ಕಾಲು ಕೆಸರಿಗಿಟ್ಟ ಹಾಗೆ ಇಳಿಯುತ್ತಿತ್ತೇ ಹೊರತು ಕಾರು ನಿಲ್ಲುತ್ತಿರಲಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಕಾರಿನಡಿ ಮಲಗಿ, ಚಕ್ರದ ಹಿಂದೆ ಗಾಳಿ ಹೊರಬಿಡಲಿಕ್ಕಿರುವ ಸಣ್ಣ ತಿರುಪನ್ನು, ಅಂದರೆ ನಿಪ್ಪಲನ್ನು, ಸಡಿಲಿಸಬೇಕು. ಅದನ್ನು ಮತ್ತೆ ಬಿಗಿಯುವವರೆಗೆ ಇನ್ನೊಬ್ಬರು ಪೆಡಲನ್ನು ಒತ್ತಿಯೇ ಹಿಡಿದಿರಬೇಕು. ಒತ್ತುತ್ತಿದ್ದವಳು ಹೆಂಡತಿ ಸೇವಂತಿ.

ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು. ಬರಬರುತ್ತ ಆ ಕೆಲಸವೇ ಪ್ರಿಯವಾಯಿತು. ಮನೆಯಲ್ಲಿ ಮಾತೇ ಆಡದ ಗಂಡ ಆಗ ಮಾತ್ರ "ಹೇಗುಂಟು?" ಎಂದು ಅವಳನ್ನು ಕೇಳುತ್ತಿದ್ದ. ಅವಳು "ಗಟ್ಟಿಯಾಯಿತು" ಎಂದ ಮೇಲೆಯೇ ಏಳುತ್ತಿದ್ದ.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಅದೇ ಕೆಲಸ ಬಂತು.

"ಒತ್ತು."

ಒತ್ತಿದಳು. ಕೆಳಗಿಟ್ಟ ತೆಂಗಿನ ಗೆರಟೆಗೆ ಬ್ರೇಕಿನ ಎಣ್ಣೆ ಗುಳ್ಳೆಗುಳ್ಳೆಯಾಗಿ ಬಿತ್ತು.

"ಬಿಡು."

ಕೊನೆಯ ಚಕ್ರದ ನಿಪ್ಪಲ್ ಸಡಿಲಿಸಿಕೊಂಡೇ ಅವನು ಹೇಳಿದ, "ನಾನು ಇನ್ನು ಪುತ್ತೂರಿನಲ್ಲೇ ಇರುದು. ಅಲ್ಲಿ ಮನೆ ಮಾಡಿಯಾಗಿದೆ. ದೇವಕಿಯೂ ಬರ್ತಾಳೆ."

ದೇವಕಿ ಯಾರೆಂದು ಕೇಳಬೇಕಾಗಿರಲಿಲ್ಲ. ಸುಬ್ರಹ್ಮಣ್ಯದ ಆ ಹೂವಿನಂಗಡಿಯವಳ ಹೆಸರು ಸೇವಂತಿಯ ಕಿವಿಗೆ ಬಿದ್ದು ವರ್ಷವಾಗಿತ್ತು. ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಕಾರಿನಡಿಯಿಂದ ಹೇಳಿದನಲ್ಲ ಎಂದು ಅವಳಿಗೆ ಮೈ ಉರಿಯಿತು. ಕಾಲು ತಾನಾಗಿ ಮೇಲೆ ಬಂತು. ನಿಪ್ಪಲ್ ಇನ್ನೂ ತೆರೆದೇ ಇತ್ತು. ಹೊರಬಂದ ಗಾಳಿಯಷ್ಟೂ ವಾಪಸು ಒಳಗೆ ಹೋಯಿತು.

ಅವನಿಗೆ ಗೊತ್ತಾಗಲಿಲ್ಲ. ನಿಪ್ಪಲ್ ಬಿಗಿದು ಎಂದಿನಂತೆ ಕೇಳಿದ, "ಹೇಗುಂಟು?"

ಗಟ್ಟಿಯಾಯಿತು ಎಂದರೆ ಸಾಕಿತ್ತು. ಅಂಗಳ ದಾಟಿದರೆ ಹೊಳೆಯವರೆಗೂ ಇಳಿಜಾರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಗಾಳಿ ಉಂಟು," ಎಂದಳು. "ನಾನು ಕಾಲು ತೆಗೆದೆ. ಇನ್ನೊಮ್ಮೆ ಮಾಡಿ."

"ಎಂತ ಮಾಡುದು ನೀನು? ಇಷ್ಟು ಸಲ ಮಾಡಿಯೂ ಗೊತ್ತಾಗುದಿಲ್ಲವಾ?"

ಮತ್ತೆ ಒತ್ತಿದಳು, ಹಿಡಿದಳು, ಬಿಟ್ಟಳು. ಪೆಡಲ್ ಕಲ್ಲಿನಂತಾದ ಮೇಲೆ ಕೆಳಗಿಳಿದು, "ಅಲ್ಲಿ ಒತ್ತಲಿಕ್ಕೆ ಯಾರುಂಟು?" ಎಂದಳು.

"ಅವಳಿಗೆ ಹೇಳಿಕೊಟ್ಟರಾಯಿತು. ಇದೆಂತ ದೊಡ್ಡ ವಿದ್ಯೆಯಾ?"

ಅವನ ಯಾವ ಬೈಗುಳವೂ ಅವಳಿಗೆ ಇಷ್ಟು ನಾಟಿರಲಿಲ್ಲ. ಅವನು ಕೈತೊಳೆದು, ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ ಹೊರಟುಹೋದ. ಇಳಿಜಾರಿನ ತಿರುವಿನಲ್ಲಿ ಕಾರು ಬ್ರೇಕು ಹಿಡಿದು, ನಿಧಾನವಾಗಿ, ಕ್ಷೇಮವಾಗಿ ಮರೆಯಾಯಿತು.

ಸುದ್ದಿ ತಿಳಿದು ಮೇದಪ್ಪಗೌಡರು ಸಂಜೆಯೇ ಬಂದರು.

"ಬ್ರೇಕ್ ಸರಿ ಇರಲಿಲ್ಲವಲ್ಲ, ಹೇಗೆ ಹೋದ?"

"ನಾನೇ ಒತ್ತಿಕೊಟ್ಟೆ ಅಪ್ಪ."

"ಅವಳ ವಿಷಯ ಗೊತ್ತಿದ್ದೂ?"

"ಗೊತ್ತಿದ್ದೂ."

"ಮಾನ ಮರ್ಯಾದೆ ಉಂಟಾ ನಿನಗೆ? ನಾನು ಕೊಟ್ಟ ಕಾರು ಅದು!"

ಅವರು ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ಮಗಳು ಇನ್ನೇನು ಮಾಡಬಹುದಿತ್ತೆಂದು ಅವರಿಗೆ ಹೊಳೆಯಲಿಲ್ಲ. ಅವಳೂ ಹೇಳಲಿಲ್ಲ. ಅದು ಯಾರೊಡನೆಯೂ ಹೇಳುವಂಥದ್ದಾಗಿರಲಿಲ್ಲ.

ಸೇವಂತಿಯೇ ಕಾರು ಸಜ್ಜು ಮಾಡಿ ಗಂಡನನ್ನು ಕಳಿಸಿದಳಂತೆ ಎಂದು ಊರೆಲ್ಲ ಮಾತಾಯಿತು. ಒಂದು ದಿನ ಬಾವಿಕಟ್ಟೆಯಲ್ಲಿ ನೆರೆಮನೆಯ ಪೂವಮ್ಮ ನೇರವಾಗಿಯೇ ಕೇಳಿದಳು, "ಹಾಗಾದರೆ ನಿನಗೂ ಅವನು ಬೇಡವಾಗಿದ್ದನಾ ಮಾರಾಯ್ತಿ?"

ಸೇವಂತಿ ತುಂಬಿದ ಕೊಡಪಾನವನ್ನು ಸೊಂಟಕ್ಕೆತ್ತಿಕೊಂಡಳು.

"ಹೌದು," ಎಂದಳು.