ಇಬ್ಬರೂ ಮುಟ್ಟಬೇಕಾದ ಕರ್ಪೂರ

ಪೊಲೀಸರು ಕರೆದರೆ ಹೋಗಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಮನೆಗೆ ಬರಬೇಕು, ಅದರಲ್ಲಿ ಅಂಜುವಂಥದ್ದೇನಿದೆ ಎಂದು ಬಸವಲಿಂಗಪ್ಪನವರು ಗದಿಗೆಮ್ಮನಿಗೆ ಹೇಳಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಈಗ ಹನ್ನೊಂದೂವರೆ ಆಗಿತ್ತು. ಠಾಣೆಯ ಬೆಂಚಿನ ಮೇಲೆ ಅವರು, ಎದುರಿಗೆ ನೆಲದ ಮೇಲೆ ಅವಳು. ಮೂಲೆಯಲ್ಲಿ ತಣ್ಣೀರಿನ ಹೊಸ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ಅದರ ಮೇಲೆ ದಾನಿಗಳ ಹೆಸರು: ಗದಿಗೆಮ್ಮ ಪಾತ್ರೆ ತಿಕ್ಕುವ ಅಪಾರ್ಟ್‌ಮೆಂಟಿನ ಸಂಘದವರೇ. ನೀರು ಕುಡಿಯೋಣವೆಂದು ಎದ್ದ ಬಸವಲಿಂಗಪ್ಪನವರು ಅದನ್ನು ಓದಿ, ಕುಡಿಯದೆ ಬಂದು ಕೂತರು.

ಸುರಪುರದ ಕಡೆಯಿಂದ ಗಂಡ ತಾಯಪ್ಪನ ಜೊತೆ ಈ ತೆಲುಗು ನಗರಕ್ಕೆ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಮಂದಿಗೆಂದು ಎದ್ದ ಹನ್ನೆರಡು ಅಂತಸ್ತಿನ ಕಟ್ಟಡಕ್ಕೆ ಗಂಡ ಹೆಂಡತಿ ಇಬ್ಬರೂ ಸಿಮೆಂಟು ಹೊತ್ತಿದ್ದರು. ಕಟ್ಟಡ ಮುಗಿದು ಮಂದಿ ತುಂಬಿದ ಮೇಲೆ, ತಾನೇ ಹೊತ್ತ ಒಂಬತ್ತನೇ ಅಂತಸ್ತಿನ ಒಂದು ಮನೆಯಲ್ಲಿ ಅವಳು ಕೆಲಸಕ್ಕೆ ಸೇರಿದಳು. ಆ ಮನೆಯ ಪ್ರಫುಲ್ಲಾ ಮೇಡಂ ಅವರ ವಜ್ರದ ಓಲೆ ಶನಿವಾರದಿಂದ ಕಾಣುತ್ತಿರಲಿಲ್ಲ. ಈ ದಿನ ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ಗದಿಗೆಮ್ಮನಿಗೆ ತೆಲುಗು ಅಷ್ಟಕ್ಕಷ್ಟೇ. ಪಟಾನ್‌ಚೆರು ಕಡೆಯ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಇಪ್ಪತ್ನಾಲ್ಕು ವರ್ಷ ಸವೆಸಿದ ಬಸವಲಿಂಗಪ್ಪನವರೇ ಅವಳಿಗೆ ಗೊತ್ತಿದ್ದ ದೊಡ್ಡವರು. ಪ್ರತಿ ಸೋಮವಾರ ಸಂಜೆ ಅವರ ಕ್ವಾರ್ಟರ್ಸಿನಲ್ಲಿ ಕನ್ನಡದವರು ಕೂಡಿ ವಚನ ಓದುತ್ತಿದ್ದರು. ಅವಳು ಹೊಸ್ತಿಲ ಹತ್ತಿರ ಕೂತು ಕೇಳುತ್ತಿದ್ದಳು. ಅಕ್ಷರ ಬಾರದವಳು, ಆದರೆ ಒಮ್ಮೆ ಕೇಳಿದ್ದು ಅವಳ ಬಾಯಿಂದ ಒಂದು ಮಾತೂ ಅತ್ತಿತ್ತ ಆಗದೆ ಬರುತ್ತಿತ್ತು.

ಎಸ್ಸೈ ಇಬ್ಬರನ್ನೂ ಒಳಗೆ ಕರೆದ. ಎಳೆಯ ವಯಸ್ಸು, ಮಾತು ಮೃದು.

"ಬನ್ನಿ ಪೆದ್ದಾಯನಾ, ಕೂತ್ಕೊಳ್ಳಿ," ಎಂದು ಹಿರಿಯರನ್ನು ಕರೆಯುವ ಮಾತಿನಲ್ಲೇ ತೆಲುಗಿನಲ್ಲಿ ಉಪಚರಿಸಿದ. "ಕೇಸು, ಕೋರ್ಟು ಅಂತ ಆ ಮೇಡಂಗೂ ಇಷ್ಟ ಇಲ್ಲ, ನನಗೂ ಇಲ್ಲ. ಇಲ್ಲೇ ಹನುಮಂತನ ಫೋಟೋ ಇದೆ. ಕರ್ಪೂರ ಹಚ್ಚಿಸ್ತೀನಿ. ಮುಟ್ಟಿ, ನಾನು ತಗೊಂಡಿಲ್ಲ ಅನ್ನಲಿ. ನಂಬ್ತೀನಿ. ಮನೆಗೆ ಹೋಗಲಿ."

ಬಸವಲಿಂಗಪ್ಪನವರಿಗೆ ಎದೆಯ ಭಾರ ಇಳಿದಂತಾಯಿತು. ಇಷ್ಟೇ ತಾನೆ! ಅವಳಿಗೆ ಕನ್ನಡದಲ್ಲಿ ತಿಳಿಸಿದರು.

ಗದಿಗೆಮ್ಮ ತಟ್ಟೆಯಲ್ಲಿದ್ದ ಕರ್ಪೂರದ ಬಿಲ್ಲೆ ನೋಡಿದಳು. "ಮುಟ್ಟತೀನ್ರಿ ಅಪ್ಪಾರ. ಆದ್ರ ನಮ್ಮೂರಾಗ ಕರ್ಪೂರ ಹಚ್ಚಿದ್ರ ಇಬ್ರೂ ಮುಟ್ಟತಾರ್ರಿ. ಹೊರಿಸಿದವ್ರೂ ಮುಟ್ಟಬೇಕು, ಹೊತ್ತವ್ರೂ ಮುಟ್ಟಬೇಕು. ಆ ಮೇಡಮ್ಮಾರ್ನ ಕರಸ್ರಿ. ಗದಿಗೆವ್ವ ತಗೊಂಡಿದ್ದು ಖರೇ ಅಂತ ಅವ್ರು ಮುಟ್ಲಿ, ತಗೊಂಡಿಲ್ಲಂತ ನಾ ಮುಟ್ಟತೀನಿ. ಯಾರ ಕೈ ನಡಗತೈತಿ ನೋಡೂಣು."

"ಏನಂತಾಳೆ?" ಎಂದ ಎಸ್ಸೈ.

ಕಾರ್ಖಾನೆಯಲ್ಲಿ ಬಸವಲಿಂಗಪ್ಪನವರ ಹೆಸರು ಉಳಿದದ್ದೇ ಇಂಥ ಗಳಿಗೆಗಳಲ್ಲಿ. ಕೂಲಿಯವರು ಕುದಿಕುದಿದು ಆಡಿದ್ದನ್ನು ಅವರು ಆರಿಸಿ, ಸಾಹೇಬರ ಬಾಯಿ ಸುಡದ ಹಾಗೆ ಮಾಡಿ ಮುಟ್ಟಿಸುತ್ತಿದ್ದರು. ಎಷ್ಟೋ ಮಂದಿಯ ನೌಕರಿ ಅದರಿಂದ ಉಳಿದಿತ್ತು. ಈಗಲೂ ನಾಲಿಗೆ ತಾನಾಗಿ ಹಾಗೇ ಹೊರಳಿತು.

"ಆಕೆಗೆ ಭಯ ಸರ್. ದೇವರ ವಿಷಯ ಅಲ್ಲವಾ, ಅದಕ್ಕೇ."

ಎಸ್ಸೈಯ ಹುಬ್ಬು ಮೇಲೇರಿತು. "ಭಯಾನಾ? ಕದಿಯದವಳಿಗೆ ಕರ್ಪೂರ ಅಂದ್ರೆ ಯಾಕೆ ಭಯ?" ಪಕ್ಕದ ರೈಟರಿಗೆ ಕಣ್ಣು ಮಾಡಿದ. ರೈಟರ್ ಒಂದು ಬಿಳಿ ಹಾಳೆಯ ಮೇಲೆ ಬರೆದುಕೊಂಡ: ಪ್ರಮಾಣ ಮಾಡಲು ಭಯಪಟ್ಟಳು. "ನೀವು ಡ್ಯೂಟಿಗೆ ಹೋಗಿ ಪೆದ್ದಾಯನಾ. ಇವಳು ಇಲ್ಲೇ ಇರಲಿ. ನಮ್ಮ ಮಹಿಳಾ ಕಾನ್‌ಸ್ಟೇಬಲ್ ಸ್ವಲ್ಪ ಮಾತಾಡಿಸ್ತಾಳೆ."

ಮಾತಾಡಿಸುವುದೆಂದರೆ ಏನೆಂಬುದು ಊರಿಗೆಲ್ಲ ಗೊತ್ತು. ಬಸವಲಿಂಗಪ್ಪನವರು ತಟ್ಟನೆ ಎದ್ದರು. ಒಂದು ನಿಮಿಷ ಕೊಡಿ ಎಂದು ಬೇಡಿ, ಅವಳನ್ನು ಬಾಗಿಲಾಚೆ ಕರೆತಂದರು.

"ಯವ್ವಾ, ಒಮ್ಮೆ ಮುಟ್ಟಿಬಿಡು. ನಿಂದೇನ್ ಹೋಗತೈತಿ? ಇವ್ರ ಹಂತ್ಯಾಕ ನ್ಯಾಯ ಮಾತಾಡಿದ್ರ ನಡಿಯಂಗಿಲ್ಲ."

"ನಾ ಒಬ್ಬಾಕೇ ಮುಟ್ಟಿದ್ರ ಕಳ್ಳಿ ಮುಟ್ಟಿದಂಗ ಆಕೈತ್ರಿ," ಎಂದಳು ಅವಳು. ದನಿ ಏರಿರಲಿಲ್ಲ. "ಮತ್ತ ನೀವು ಭಯ ಅಂದ್ರಿ. ಆ ಮಾತು ತೆಲಗಿನಾಗೂ ಅದೇ ಐತಿ, ನನಗ ತಿಳೀತು. ನಾ ಅಂಜೀನಿ ಅಂತ ಯಾವಾಗ ಹೇಳ್ದೆ?"

"ನಿನ್ನ ಒಳ್ಳೇದಕ್ಕ ಅಂದೆ, ಬಿಡು."

"ಸೋಮವಾರ ಓದೂವಾಗ ಯಾರರೆ ಒಂದು ಮಾತು ಬಿಟ್ರ ನೀವು ಅಲ್ಲೇ ನಿಲ್ಲಸತೀರಿ. ಶರಣರ ಮಾತು, ಬಿಡಬಾರ್ದು ಅಂತೀರಿ. ನಂದು ಪೂರಾ ಬಿಟ್ರೆಲ್ಲ ಅಪ್ಪಾರ."

ಬಸವಲಿಂಗಪ್ಪನವರಿಗೆ ಸಿಟ್ಟು ಬಂತು. ಈ ಹೆಣ್ಣಿಗೆ ನನ್ನ ಕಷ್ಟ ತಿಳಿಯುತ್ತಿಲ್ಲವಲ್ಲ ಎಂದು ಬಂತು. ಎರಡು ಹೆಜ್ಜೆ ಇಡುವುದರೊಳಗೆ ಆ ಸಿಟ್ಟು ಅವಳನ್ನು ಬಿಟ್ಟು ತಮ್ಮ ಮೇಲೇ ತಿರುಗಿತು. ಒಳಗೆ ಹೋದವರು ಕೂರಲಿಲ್ಲ.

"ಸರ್, ನಾನು ಸರಿಯಾಗಿ ಹೇಳಲಿಲ್ಲ. ಭಯ ಅಂತ ಆಕೆ ಅನ್ನಲೇ ಇಲ್ಲ." ಅವಳು ಹೇಳಿದ್ದನ್ನು, ಕೈ ನಡುಗುವ ಮಾತಿನವರೆಗೂ, ತೆಲುಗಿನಲ್ಲಿ ಒಪ್ಪಿಸಿದರು.

ರೈಟರ್ ಕಿಸಕ್ಕನೆ ನಕ್ಕ. ಎಸ್ಸೈ ನಗಲಿಲ್ಲ. "ಆ ಮೇಡಂ ಇಲ್ಲಿಗೆ ಬಂದು, ಇವಳ ಪಕ್ಕ ನಿಂತು, ಕರ್ಪೂರ ಮುಟ್ಟಬೇಕಾ? ಅವರ ಯಜಮಾನರು ಯಾರು ಅಂತ ಗೊತ್ತಾ? ಬೆಳಿಗ್ಗೆಯಿಂದ ಮೇಲಿನಿಂದ ಮೂರು ಫೋನು ಬಂದಿವೆ. ನಿಮ್ಮ ಕಾರ್ಖಾನೆ ಕಾರ್ಡು ಕೊಡಿ ನೋಡೋಣ."

ಬಸವಲಿಂಗಪ್ಪನವರು ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಬೆರಳು ಅದುರುತ್ತಿತ್ತು. "ಬರೆದುಕೊಳ್ಳಿ ಸರ್. ಮೇಡಂ ಕೊಟ್ಟ ಕಂಪ್ಲೇಂಟಿನ ನಂಬರೂ ಹೇಳಿ, ನಾನೂ ಬರೆದುಕೊಳ್ತೀನಿ."

"ಕಂಪ್ಲೇಂಟ್ ಎಲ್ಲಿದೆ? ಅವರು ಫೋನಿನಲ್ಲಿ ಹೇಳಿದರು."

"ಹಾಗಾದರೆ ಈಕೆಯನ್ನ ಯಾವ ಕಾಗದದ ಆಧಾರದ ಮೇಲೆ ಕೂರಿಸಿದ್ದೀರಿ?"

ಎಸ್ಸೈ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. ಮೃದು ಮಾತು ಎಲ್ಲಿ ಹೋಯಿತೋ. "ಕರಕೊಂಡು ಹೋಗ್ರೀ. ಆ ಕಡೆ ಕಾಲಿಡಬಾರದು ಅಂತ ಹೇಳಿ. ಇವಳ ಫೋಟೋ ಸುತ್ತಲಿನ ಎಲ್ಲ ಗೇಟಿಗೂ ಹೋಗಿದೆ."

ಫೋಟೋ, ಗೇಟು ಎಂಬಷ್ಟು ತಿಳಿದು ಗದಿಗೆಮ್ಮ ಬಾಗಿಲಲ್ಲೇ ನಿಂತಳು. ಎಲ್ಲ ಗೇಟು ಎಂದರೆ ಯಾವ ಮನೆಯಲ್ಲೂ ಕೆಲಸವಿಲ್ಲ ಎಂದರ್ಥ. "ನನ್ನ ಹಂತ್ಯಾಕ ಏನೂ ಸಿಕ್ಕಿಲ್ಲಂತ ಬರದು ಕೊಡ್ಲಿ," ಎಂದಳು. ಬಸವಲಿಂಗಪ್ಪನವರು ಒಂದು ಮಾತೂ ಬಿಡದೆ ಹೇಳಿದರು.

"ಕೇಸೇ ಇಲ್ಲ. ಏನಂತ ಬರೆದು ಕೊಡಲಿ?"

"ಹಾಗಾದರೆ ಆ ಬಿಳಿ ಹಾಳೆ ಹರಿದು ಹಾಕಿ. ಅದು ನನ್ನ ತಪ್ಪು."

"ಅದು ನಮ್ಮ ಕಾಗದ," ಎಂದ ಎಸ್ಸೈ ಹಾಳೆಯನ್ನು ಒಳಗಿಟ್ಟು ಡ್ರಾಯರು ಮುಚ್ಚಿದ.

ಹೊರಗೆ ಬಿಸಿಲು ಕಾದಿತ್ತು. ಸಾಲುಸಾಲು ಕಂಪನಿ ಕಾರುಗಳು ಹಾರ್ನು ಹೊಡೆಯುತ್ತ ಹೋಗುತ್ತಿದ್ದವು. ಬಸವಲಿಂಗಪ್ಪನವರಿಗೆ ಏನೂ ಕೇಳಿಸಲಿಲ್ಲ. ಓಲೆ ಕಳೆದದ್ದಕ್ಕೆ ಕಾಗದವಿಲ್ಲ, ಕಂಪ್ಲೇಂಟಿಗೆ ಕಾಗದವಿಲ್ಲ, ಮೂರು ಫೋನಿಗೆ ಕಾಗದವಿಲ್ಲ. ಇಡೀ ವ್ಯವಹಾರದಲ್ಲಿ ಕಾಗದದ ಮೇಲೆ ಉಳಿದ ಒಂದೇ ಮಾತು ತಾನು ಆಡಿದ ಸುಳ್ಳು. ಸರಕಾರದ ಮುದ್ರೆ ಬಿದ್ದಲ್ಲಿ ಸತ್ಯ ಇರುತ್ತದೆಂದು ನಂಬಿ ತಲೆ ನರೆತಿತ್ತು. ನಂಬಿದ್ದು ತಾನೊಬ್ಬನೇ ಆಗಿದ್ದರೆ ಆಗುತ್ತಿತ್ತು, ಇವಳನ್ನೂ ನಂಬಿಸಿ ಕರೆತಂದಿದ್ದರು.

"ನಡೀರಿ ಅಪ್ಪಾರ, ನಿಮ್ಮ ಪಾಳಿ ತಪ್ಪತೈತಿ," ಎಂದಳು ಗದಿಗೆಮ್ಮ.

"ತಪ್ಪಲಿ. ನೀ ಹೇಳು, ನಾ ಬರೀತೀನಿ."

ಎದುರಿನ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು, ಅವಳು ಹೇಳಿದ್ದನ್ನು ತೆಲುಗಿನಲ್ಲಿ ಬರೆದರು. ಮೊದಲ ಸಾಲು ಅವಳದೇ: ನಾನು ಅಂಜಿಲ್ಲ. ಬರೆದು ಮುಗಿಸಿ ಕನ್ನಡದಲ್ಲಿ ಓದಿ ಹೇಳಿದರು. ಅವಳು ಕಣ್ಣು ಮುಚ್ಚಿ, ಸೋಮವಾರದ ಸಂಜೆಯಲ್ಲಿ ಕೂತಂತೆ, ತಲೆಯಾಡಿಸುತ್ತ ಕೇಳಿದಳು. ಒಂದು ಕಡೆ ಕೈ ಎತ್ತಿದಳು.

"ದಯಮಾಡಿ ಅಂತ ಎಲ್ಲಿಂದ ಬಂತ್ರಿ?"

"ಅರ್ಜಿ ಅಂದಮ್ಯಾಲ ಹಾಕಬೇಕಾಗತೈತಿ."

"ನಾ ಅಂದಿಲ್ಲ."

ಬಸವಲಿಂಗಪ್ಪನವರು ಆ ಮಾತನ್ನು ಹೊಡೆದುಹಾಕಿದರು. ಅವಳು ಹೆಬ್ಬೆಟ್ಟು ಒತ್ತಿದಳು.

ಮತ್ತೆ ಒಳಗೆ ಹೋದಾಗ ಎಸ್ಸೈ ಇರಲಿಲ್ಲ, ಜೀಪೂ ಇರಲಿಲ್ಲ. ರೈಟರ್ ಅರ್ಜಿಯನ್ನು ಮುಟ್ಟದೆ, ದೂರದಿಂದಲೇ ಓದಿದ. ಅರ್ಜಿ ಮುಟ್ಟಿತೆಂಬುದಕ್ಕೆ ಸೀಲು ಹಾಕಬೇಕು, ಸೀಲಿಗೆ ಸಾಹೇಬರ ಅಪ್ಪಣೆ ಬೇಕು, ಸಾಹೇಬರು ಇವತ್ತು ಬರುವುದು ಅನುಮಾನ ಎಂದ. "ನಾಳೆ ಬನ್ನಿ ಪೆದ್ದಾಯನಾ."

"ಏನಂತಾನ್ರಿ?" ಎಂದಳು ಗದಿಗೆಮ್ಮ.

"ತಗೊಳ್ಳಂಗಿಲ್ಲ ಅಂತಾನ. ನಾಳಿ ಬಾ ಅಂತಾನ. ನಾಳಿನೂ ಹಿಂಗ ಅಂತಾನ," ಎಂದು ಬಸವಲಿಂಗಪ್ಪನವರು, ಏನನ್ನೂ ಆರಿಸಿ ತಣ್ಣಗೆ ಮಾಡದೆ, ಅವಳಿಗೆ ಹೇಳಿದರು. ಅರ್ಜಿಯನ್ನು ರೈಟರನ ಮೇಜಿನ ಮೇಲೆ, ಅವನ ಊಟದ ಡಬ್ಬಿಗೆ ತಾಗುವಂತೆ ಇಟ್ಟು, ಅದರ ಮುಂದೆಯೇ ನಿಂತುಕೊಂಡರು.