ಹಳೆಯ ಕಣ್ಣಿನ ಜೇನುಬಣ್ಣ

ತಂಗಿ ಎದುರಿಗೆ ಕೂತು ಬಣ್ಣದ ಮಾದರಿ ಚೀಟಿಗಳಲ್ಲಿ ಬರೀ ಬೂದಿಬಣ್ಣದವನ್ನೇ ಆರಿಸುತ್ತಿದ್ದಳು. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಹಾಡಿನ ಆಲ್ಬಮ್‌ಗಳಿಗೆ ಕವರ್ ಮಾಡುವುದರಲ್ಲೇ ತಲೆ ನರೆತವನು ಅವನು. ಪ್ರೆಸ್ಸಿನವರು ಅವನನ್ನು ಕರೆಯುವುದೇ ಬಣ್ಣದಣ್ಣ ಎಂದು. ಯಂತ್ರದ ಪಕ್ಕ ನಿಂತು, ಶಾಯಿಯನ್ನು ಕಣ್ಣಳತೆಯಲ್ಲೇ ಬೆರೆಸಿ, ಇದು ಸರಿ ಎಂದುಬಿಟ್ಟರೆ ಮುಗಿಯಿತು. ಆಮೇಲೆ ಪಿಟ್ಟೆನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಹೊಸ ಆಲ್ಬಮ್ಮಿಗೆ ಈ ಅಳುಮೋರೆ ಬಣ್ಣ ಯಾಕೇ? ಬೆಚ್ಚಗಿರೋದು ಯಾವುದಾದ್ರೂ ತಗೋ."

"ನನ್ನ ದನಿಗೆ ಇದೇ ಸರಿ, ಬಿಡು," ಎಂದಳು ತಂಗಿ, ತಲೆ ಎತ್ತದೆ.

ಅವಳ ಮೊದಲ ಆಲ್ಬಮ್ ಬಂದು ಐದಾರು ವರ್ಷವಾಗಿತ್ತು. ಆಮೇಲೆ ಒಬ್ಬಳೇ ಹಾಡಿದ್ದೇ ಇಲ್ಲ. ಬೇರೆಯವರ ಹಿಂದೆ ಸಾಲಿನಲ್ಲಿ ನಿಂತು ದನಿಗೂಡಿಸಿದ್ದಷ್ಟೇ. ಅಣ್ಣನ ಮನೆಗೆ ಬರುವುದೂ ಅಪರೂಪವಾಯಿತು. ಯಾಕೆಂದು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ, ಕೇಳಲಿಲ್ಲ. ಈಗ ಆಡಿಯೋ ಕಂಪನಿಯವರು ಬಿಡದೆ ಹಾಡಿಸಿದ್ದಕ್ಕೆ ಕವರ್ ಮಾಡಿಸಲು ಬಂದಿದ್ದಳು.

"ಮೊದಲನೇದಕ್ಕೆ ಎಂಥಾ ಜೇನುಬಣ್ಣ ಕೊಟ್ಟಿದ್ದೆ, ಮರೆತೆಯಾ?" ಎನ್ನುತ್ತ ಅವನು ಕಪಾಟಿನಿಂದ ಆ ಆಲ್ಬಮ್ ಎಳೆದು ಕಿಟಕಿಯ ಬೆಳಕಿಗೆ ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ. ಹಿಂದಿನ ದಿನವಷ್ಟೇ ಅವನ ಬಲಗಣ್ಣಿನ ಪಟ್ಟಿ ಬಿಚ್ಚಿದ್ದರು. ಪೊರೆ ತೆಗೆಸಿಕೊಂಡ ಆ ಕಣ್ಣಿಗೆ ಕಂಡದ್ದು ಜೇನೂ ಅಲ್ಲ, ಬೆಲ್ಲವೂ ಅಲ್ಲ. ತಣ್ಣಗೆ ಕೊರೆಯುವ ನೀಲಿ ಬೂದಿ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದ. ಜೇನು. ಎಡಗಣ್ಣು ಮುಚ್ಚಿದ. ಬೂದಿ.

"ಏನೋ ಇದು ಕಣ್ಣಾಮುಚ್ಚಾಲೆ?" ಎಂದಳು ತಂಗಿ.

"ಇದು ನಿಂಗೆ ಮೊದಲಿಂದ ಹೀಗೇ ಕಾಣ್ತಿತ್ತಾ? ಬೂದಿ ಥರ?"

"ಎಲ್ಲರಿಗೂ ಹಾಗೇ ಕಾಣೋದು." ತಂಗಿಯ ದನಿ ಗಡುಸಾಯಿತು. "ಹಾಡು ಪೂರ್ತಿ ಕೇಳಿದ ಮೇಲೇ ಬಣ್ಣ ಅಂತೀಯಲ್ಲ ನೀನು? ನನ್ನ ದನಿ ಕೇಳಿ ನಿಂಗೆ ಹೊಳೆದಿದ್ದು ಇದು. ಸ್ವಂತ ಅಣ್ಣಂಗೇ ಹೀಗೆ ಕೇಳಿಸಿದ ಮೇಲೆ ಇನ್ಯಾರ ಮುಂದೆ ಹಾಡ್ಲಿ?"

"ಅಯ್ಯೋ ಪೆದ್ದೀ! ಪೊರೆ ಕಣೇ. ಆಗಲೇ ಶುರುವಾಗಿರ್ಬೇಕು. ಬೂದಿಯೆಲ್ಲ ನಂಗೆ ಬಂಗಾರವಾಗಿ ಕಂಡಿದೆ."

"ಈಗ ಏನು ಬೇಕಾದ್ರೂ ಹೇಳ್ಬಹುದು," ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಮುಂದಿನ ವಾರ ಎಡಗಣ್ಣಿಗೂ ಆಪರೇಷನ್ ಇತ್ತು. ಆಮೇಲೆ ಆ ಜೇನು ಅವನಿಗೂ ಕಾಣುವುದಿಲ್ಲ. ತೋರಿಸುವುದಿದ್ದರೆ ಈಗಲೇ. ಬಣ್ಣದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡ. ಎಡಗಣ್ಣಿನಿಂದ ಹಳೆಯ ಕವರ್ ನೋಡುವುದು, ಬಲಗಣ್ಣಿನಿಂದ ಅದೇ ಬಣ್ಣದ ಚೀಟಿ ಹುಡುಕುವುದು. ಹೊರಟಿದ್ದ ತಂಗಿ ಅವನ ಅಂಗೈ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಓಡಾಡುವುದನ್ನು ನೋಡುತ್ತ ಬಾಗಿಲಲ್ಲೇ ನಿಂತಳು. ಇದಲ್ಲ, ಇದೂ ಅಲ್ಲ ಎಂದು ಗೊಣಗಿ ಗೊಣಗಿ ಕೊನೆಗೊಂದು ಚೀಟಿಯನ್ನು ಅವಳ ಕೈಗಿತ್ತ.

"ನಾನು ಕೇಳಿದ್ದು ಇದು."

ಆಗಷ್ಟೇ ಹಿಂಡಿದ ಜೇನಿನ ಬಣ್ಣ. ಅವಳು ಅದನ್ನು ಹಳೆಯ ಕವರಿನ ಪಕ್ಕ ಇಟ್ಟು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಕಣ್ಣು ತುಂಬಿ ಬಂತು.

"ಯಾಕೆ ಹಾಡ್ತಿಲ್ಲ ಅಂತ ಒಂದು ಮಾತು ಕೇಳಬಾರದಿತ್ತಾ ಅಣ್ಣಾ?"

"ನೀನಾದ್ರೂ ಬಂದು ಬೈಬಾರದಿತ್ತಾ?"

ತಂಗಿ ಮೂಗೊರೆಸಿಕೊಂಡು ಚೀಲ ಕೆಳಗಿಟ್ಟಳು. ತಾನು ಆರಿಸಿದ್ದ ಬೂದಿ ಚೀಟಿಗಳನ್ನೆಲ್ಲ ಬಾಚಿ ಡ್ರಾಯರಿಗೆ ತಳ್ಳಿದಳು.

"ಬಣ್ಣ ಆಮೇಲೆ ನೋಡೋಣ. ಮೊದಲು ಹಾಡೆಲ್ಲ ಇನ್ನೊಂದು ಸಲ ರೆಕಾರ್ಡ್ ಆಗ್ಬೇಕು," ಎಂದಳು. "ಹೆದರ್ಕೊಂಡು ಹಾಡಿದ್ದೀನಿ."