ಬಯಲಿನಿಂದ ರಸ್ತೆಯವರೆಗೆ

2025ರ ಫೆಬ್ರವರಿ 12, ಬುಧವಾರ, ಸಂಜೆ 4 ಗಂಟೆ 10 ನಿಮಿಷ. ಸೋಲೂರಿನ ಶಾಲೆಯಿಂದ ಬಸ್ಸಿಳಿದು ಬಂದ ಒಂಬತ್ತು ವರ್ಷದ ನಿವೇತಾ, ಹಟ್ಟಿಯ ಹದಿನೆಂಟು ಮನೆಗಳ ಮುಂದಿನ ಹುಲ್ಲುಬಯಲಿನ ಅಂಚಿನಲ್ಲಿ ನಿಂತಳು. ಬಯಲ ತುಂಬ ಚಹಾ ಎಲೆಯ ಮೂಟೆಗಳು. ನಡುವೆ ಫ್ಯಾಕ್ಟರಿಯ ಪಿಕಪ್ ಗಾಡಿ ಹಿಂದೆ ಮುಂದೆ ಸರಿಯುತ್ತಿತ್ತು.

"ಒಳಗೆ ಹೋಗು ಕೂಸೇ, ಗಾಡಿ ಬತ್ತದೆ!" ತೂಕದ ಕೊಕ್ಕೆಗೆ ಮೂಟೆ ಏರಿಸುತ್ತಿದ್ದ ತಾಯಿ ಮಲ್ಲಿ ಕೂಗಿದಳು.

ಇದು ದಿನದ ಮಾತು. ಗಾಡಿ ಹೊರಡುವುದು ಆರಕ್ಕೆ. ಅಷ್ಟರಲ್ಲಿ ಮಂಜು ಇಳಿದು, ಕಾಡುಕೋಣದ ಭಯಕ್ಕೆ ಎಲ್ಲರೂ ಬಾಗಿಲು ಹಾಕುವ ಹೊತ್ತಾಗಿರುತ್ತದೆ.

ಎಲೆ ತೂಗಿಸಿ ಮಲ್ಲಿ ಒಳಗೆ ಬಂದಾಗ ಮಗಳು ಫೋನ್ ಹಿಡಿದು ಮಲಗಿದ್ದಳು. ದಿನವೂ ನೋಡುವ ಅದೇ ವಿಡಿಯೋ: ಕಡಲ ದಂಡೆಯ ಮರಳಲ್ಲಿ ಓಡುವ ಮಕ್ಕಳು.

"ಅವ್ವೇ, ಕಡಲಿಗೆ ಯಾವಾಗ?"

"ರಜೆಗೆ."

ಹಾಗೆ ಹೇಳಿ ಎರಡು ರಜೆ ಕಳೆದಿತ್ತು. ಕಡಲನ್ನು ಮಲ್ಲಿಯೂ ನೋಡಿದವಳಲ್ಲ. ಅವಳ ಕಾಲಿಗೆ ನೆನಪಿರುವುದು ತವರು ಹಟ್ಟಿಯ ಬಯಲಿನ ತಣ್ಣನೆಯ ಹುಲ್ಲು, ಜಡೆ ಬಿಚ್ಚಿಹೋಗುವವರೆಗೆ ಓಡಿದ ಸಂಜೆಗಳು.

ಅವತ್ತು ಮನೆಮನೆ ಭೇಟಿಗೆ ಬಂದಿದ್ದ ನರ್ಸ್ ಸಿಂಧುಜಾ ಹೊಸ್ತಿಲಲ್ಲಿ ಕುಳಿತು ಕೇಳಿದಳು, "ಕಡಲಿಗೆ ಹೋಗಿ ಏನ್ ಮಾಡ್ತೀ?"

"ಓಡ್ತೀನಿ."

"ನೀರಲ್ಲಿ ಆಡಲ್ವಾ?"

"ನೀರು ಭಯ. ನಾ ಓಡ್ತೀನಿ, ಅಪ್ಪ ಹಿಡಿಯೋಕೆ ಬರ್ತಾನೆ. ಅವ್ವೆ ಕೂತು ನೋಡ್ತಾಳೆ. ಅಲ್ಲಿ ಯಾರೂ 'ಒಳಗೆ ಹೋಗು' ಅನ್ನಲ್ಲ."

ಚಹಾ ಸೋಸುತ್ತಿದ್ದ ಮಲ್ಲಿ ಮಗಳ ಕಡೆ ತಿರುಗಿದಳು.

ಆಗಷ್ಟೇ ಬಂದ ಗಂಡ ನಂಜುಂಡನ್ ನಕ್ಕ. "ಓಡೋಕೆ ಕಡಲು ಯಾಕೆ? ಸ್ಕೂಲಲ್ಲಿ ಪಿ.ಟಿ. ಇಲ್ವಾ?"

"ವಾರಕ್ಕೆ ಎರಡು ಸಲ, ಅಣ್ಣ," ಅಂದಳು ಸಿಂಧುಜಾ. "ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಾದ್ರೂ ಉಸಿರು ಏರೋ ಹಾಗೆ ಆಟ ಬೇಕು. ಮೂಳೆ ಗಟ್ಟಿಯಾಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ, ಮನಸ್ಸೂ ಹಗುರ."

"ನಾವೇನು ಗಡಿಯಾರ ನೋಡಿ ಆಡಿದ್ವಾ?"

"ನಿಮಗೆ ಬಯಲಿತ್ತು. ಆಗ ಮೂಟೆ ಎಲ್ಲಿ ಇಡ್ತಿದ್ರಿ?"

ನಂಜುಂಡನ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ರಸ್ತೆ ಪಕ್ಕ. ಹೊರೋ ಕಷ್ಟ ತಪ್ಪಲಿ ಅಂತ ನಾನೇ ಡ್ರೈವರ್‌ನ ಹಿಡಿದು ಗಾಡಿ ಒಳಗೆ ತರಿಸ್ದೆ. ಊರೇ ಹೊಗಳ್ತು!"

"ಮತ್ತೆ ಹೊರಗೆ ಕಳಿಸು," ಅಂದಳು ಮಲ್ಲಿ.

"ಅಷ್ಟು ದೂರ ಯಾರು ಹೊರೋದು?"

"ಇಡೀ ದಿನ ಗುಡ್ಡದಲ್ಲಿ ಹೊರೋಳು ನಾನು. ಅಲ್ಲಿಗೂ ಹೊರ್ತೀನಿ. ಎಷ್ಟು ದೂರ ಅಂತ ಅಳೆದಿದ್ದೀಯಾ?"

ಮರುದಿನ ಬೆಳಿಗ್ಗೆ ನಂಜುಂಡನ್ ಟೇಪ್ ಹಿಡಿದು ಹೊರಟ. ಪಕ್ಕದ ಮನೆಯ ಮಹಾಲಿಂಗಮ್ಮ ಛೇಡಿಸಿದಳು, "ಏನೋ ನಂಜ, ಗಾಡಿ ಒಳಗೆ ತಂದೋನೂ ನೀನೇ, ಆಚೆ ಓಡಿಸೋನೂ ನೀನೇನಾ?" ನಕ್ಕರೂ ಟೇಪಿನ ಇನ್ನೊಂದು ತುದಿ ಹಿಡಿದವಳು ಅವಳೇ. ಮಧ್ಯಾಹ್ನದೊಳಗೆ ಹದಿನೆಂಟು ಮನೆಯವರೂ ಒಪ್ಪಿದರು.

ಸೋಮವಾರದಿಂದ ಗಾಡಿ ರಸ್ತೆಯಂಚಿನಲ್ಲೇ ನಿಂತಿತು. ಶಾಲೆಯಿಂದ ಬಂದ ನಿವೇತಾ ಎಂದಿನಂತೆ ಬಯಲಿನ ಅಂಚಿನಲ್ಲಿ ನಿಂತಳು, ಯಾರಾದರೂ ಕೂಗುತ್ತಾರೆಂದು ಕಾಯುತ್ತ. ಯಾರೂ ಕೂಗಲಿಲ್ಲ.

"ಓಡು," ಅಂದಳು ಮಲ್ಲಿ.

ನಿವೇತಾ ಓಡಿದಳು. ನಂಜುಂಡನ್ ಚಪ್ಪಲಿ ಕಳಚಿ ಬೆನ್ನಟ್ಟಿದ. "ಅಪ್ಪಾ, ನಿಂಗೆ ಓಡೋಕೇ ಬರಲ್ಲ!" ಮಲ್ಲಿ ಹುಲ್ಲಿನ ಮೇಲೆ ಕುಳಿತು ನೋಡಿದಳು. ಕಡಲಿನ್ನೂ ದೂರವೇ ಇತ್ತು; ಅದರ ಆಸೆಯೂ ಹಾಗೆಯೇ ಇತ್ತು. ಆದರೆ ಮಗಳ ಜಡೆ ಬಿಚ್ಚಿಹೋಗಿತ್ತು.

ನಿಮ್ಮ ಊರಿನ ಬಯಲಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಏನು ನಿಂತಿದೆ, ಇವತ್ತೇ ಹೋಗಿ ನೋಡಿ. ಅದನ್ನು ಸರಿಸಿ. ದಿನಕ್ಕೆ ಒಂದು ಗಂಟೆ ಮಕ್ಕಳನ್ನು ಆಡಲು ಬಿಡಿ, ಸ್ವಲ್ಪ ಹೊತ್ತಾದರೂ ಅವರೊಡನೆ ನೀವೂ ಓಡಿ. ಕಷ್ಟ, ದೂರ ಅನ್ನಿಸಿದರೆ ಟೇಪ್ ಹಿಡಿದು ಅಳೆಯಿರಿ. ನಂಜುಂಡನ್ ಅಳೆದಾಗ ಬಯಲಿನಿಂದ ರಸ್ತೆಗೆ ಇದ್ದದ್ದು ಅರವತ್ತೆರಡು ಮೀಟರ್.